ಒಂದೇ ಒಂದು ಹ್ವಾಯ್

ಮದುವೆಯಾದಲ್ಲಿಂದ ನನ್ನ ಹೆಂಡತಿ ನನ್ನನ್ನು ಕರೆಯುತ್ತಿದ್ದದ್ದು ಒಂದೇ ಶಬ್ದದಲ್ಲಿ. ಹ್ವಾಯ್. ನಮ್ಮ ಕುಂದಾಪುರದ ಕಡೆ ಅದೇನೂ ಗುಟ್ಟಿನ ಮಾತಲ್ಲ. ಬಸ್ಸಿನ ಕಂಡಕ್ಟರನೂ ಹ್ವಾಯ್, ಮೀನಿನವಳೂ ಹ್ವಾಯ್, ದಾರಿಯಲ್ಲಿ ಹೋಗುವವನೂ ಹ್ವಾಯ್. ಆದರೆ ಅವಳ ಹ್ವಾಯ್ ಕೊನೆಯಲ್ಲಿ ಒಂಚೂರು ಮೇಲೆ ಹೋಗಿ ಅಲ್ಲೇ ನಿಲ್ಲುತ್ತಿತ್ತು. ಸಾವಿರ ಜನ ಕೂಗಿದರೂ ನಾನು ಅದನ್ನು ಗುರುತು ಹಿಡಿಯುತ್ತಿದ್ದೆ.

ಎಸ್ಸೆಸ್ಸೆಲ್ಸಿ ಮುಗಿಸಿದವನೇ ನಾನು ಕಡಲ ದಡದ ಕೋಡಿ ಊರಿನ ಐಸ್ ಪ್ಲಾಂಟಿಗೆ ಸೇರಿದೆ. ದೋಣಿಗಳಿಗೆ ಮಂಜುಗಡ್ಡೆ ಮಾಡಿ ಕೊಡುವ ಕೆಲಸ. ಕೂದಲು ಬೆಳ್ಳಗಾಗುವವರೆಗೆ ಅಲ್ಲೇ ಇದ್ದೆ. ಕಂಪ್ರೆಸರಿನ ಸದ್ದು ನನ್ನ ಎಡಗಿವಿಯನ್ನು ಮುಕ್ಕಾಲು ತಿಂದುಹಾಕಿತು, ಬಲಗಿವಿಯನ್ನು ಬಿಟ್ಟಿತು. ಮಧ್ಯಾಹ್ನ ಅವಳು ಬುತ್ತಿ ತಂದು ಗೇಟಿನ ಹತ್ತಿರ ನಿಂತು ಒಮ್ಮೆ ಕೂಗುತ್ತಿದ್ದಳು. ಆ ಗದ್ದಲದ ನಡುವೆಯೂ ನನಗೆ ಕೇಳುತ್ತಿತ್ತು. ಜೊತೆಯವರು ತಮಾಷೆ ಮಾಡುತ್ತಿದ್ದರು.

"ಕಂಪ್ರೆಸರ್ ಒಡ್ದ್ ಹೋರೂ ಇವ್ರಿಗ್ ಕೇಣ್ತಿಲ್ಲ ಮಾರಾಯ್ರೆ. ಹೆಂಡ್ತಿ ಕೂಗ್ರೆ ಮಾತ್ರ ಕೇಣತ್ತ್!"

ಅದು ನನಗೆ ಹೆಮ್ಮೆಯ ಮಾತಾಗಿತ್ತು. ಅವಳು ನನ್ನನ್ನು ಎರಡನೇ ಸಲ ಕರೆದದ್ದು ನನಗೆ ನೆನಪಿಲ್ಲ. ಒಂದೇ ಕೂಗಿಗೆ ನಾನು "ಓ" ಎಂದು ಎದ್ದು ಹೋಗಿರುತ್ತಿದ್ದೆ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಬೇಕು. ಇದನ್ನು ನಾನು ಅವಳಿಂದ ಬದುಕಿಡೀ ಮುಚ್ಚಿಟ್ಟಿದ್ದೆ. ನಾನು ಬೆಳೆದದ್ದು ಬೈಂದೂರಿನ ಹತ್ತಿರ ಯಡ್ತರೆಯಲ್ಲಿ, ಅಜ್ಜಿಯ ಮನೆಯಲ್ಲಿ. ನಮ್ಮವರು ಕ್ರೈಸ್ತರಾಗಿ ತಲೆಮಾರುಗಳೇ ಕಳೆದಿದ್ದವು. ಭಾನುವಾರ ತಪ್ಪದೆ ಆರಾಧನೆ, ಊಟಕ್ಕೆ ಮುಂಚೆ ಪ್ರಾರ್ಥನೆ, ಎಲ್ಲವೂ ಇತ್ತು. ಆದರೆ ಮುಸ್ಸಂಜೆಯಾಯಿತೆಂದರೆ ಅಜ್ಜಿ ಬೇರೆಯೇ ಹೆಂಗಸಾಗುತ್ತಿದ್ದಳು. "ಹೊರ್ಗ್ ಯಾರಾರೂ ಕೂಗ್ರೆ ಮೊದಲ್ನೇ ಕೂಗಿಗ್ ಓ ಅಂಬುಕಾಗ ಮಗಾ. ಮನ್ಷ್ಯರಾರೆ ಮೂರ್ ಸಲ ಕೂಗ್ತ್ರ್. ಅದ್ ಒಂದೇ ಸಲ ಕೂಗೂದ್." ಅದು ಎಂದರೆ ಯಾವುದು ಎಂದು ಅವಳು ಹೇಳುತ್ತಿರಲಿಲ್ಲ. ಗೊತ್ತಿರುವವರ ದನಿಯಲ್ಲೇ ಅದು ಕೂಗುತ್ತದೆ ಎಂದಷ್ಟೇ ಹೇಳಿದ್ದಳು. ನೆರೆಮನೆಯವನೊಬ್ಬ ಅಣ್ಣನ ದನಿ ಎಂದು ಓಗೊಟ್ಟು ಗದ್ದೆಗೆ ಇಳಿದವನು ಜ್ವರ ಹಿಡಿದು ಏಳಲೇ ಇಲ್ಲ ಎಂದು ತೋರಿಸಲು ಅವನ ಮನೆಯೂ ಇತ್ತು.

ನನ್ನ ಹೆಂಡತಿ ಚರ್ಚಿನ ಉಪದೇಶಿಯೊಬ್ಬರ ಮಗಳು. ಆ ಮನೆಯಲ್ಲಿ ದೆವ್ವ ಭೂತಗಳ ಹೆಸರೆತ್ತಿದರೆ ಊಟವಿರಲಿಲ್ಲವಂತೆ. ನಾನು ಮುಂದೆ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವವನಾದೆ. ದೇವರು ಕರೆದರೆ ಮೊದಲ ಕರೆಗೇ ಏಳಬೇಕು ಎಂದು ಕಲಿಸಿದವನೇ ನಾನು. ಅಂಥವನು ಸಂಜೆ ಕೋಡಿಯ ಗಾಳಿಮರಗಳ ಕಡೆಯಿಂದ ಯಾವುದಾದರೂ ಕೂಗು ಕೇಳಿದರೆ ಬಾಯಿ ಬಿಗಿದು ಎರಡನೆಯದಕ್ಕೆ ಕಾಯುತ್ತೇನೆ ಎಂದು ಅವಳ ಮುಂದೆ ಹೇಗೆ ಹೇಳಲಿ? ಮನೆಯೊಳಗೆ, ಐಸ್ ಪ್ಲಾಂಟಿನ ಗೇಟಿನಲ್ಲಿ, ಬೆಳಕಿನಲ್ಲಿ ಅವಳ ಕೂಗು ಅವಳದೇ. ಕತ್ತಲಾಗುವ ಹೊತ್ತಿಗೆ, ಕಣ್ಣಿಗೆ ಕಾಣದ ಕಡೆಯಿಂದ ಬಂದದ್ದು ಮಾತ್ರ ಅಜ್ಜಿಯ ಪಾಲಿಗೆ ಸೇರಿದ್ದಾಗಿತ್ತು. ಹಾಗೆ ಎರಡು ಲೆಕ್ಕ ಇಟ್ಟುಕೊಂಡು ನಾನು ಮುದುಕನಾದೆ.

ನಮ್ಮ ಮನೆಯಲ್ಲಿ ಕ್ರಿಸ್ಮಸ್ಸಿಗೆ ಗಾಳಿಮರದ ಒಂದು ಗೆಲ್ಲನ್ನು ಕಡಿದು ತಂದು ಬಕೆಟ್ಟಿಗೆ ತುಂಬಿದ ಕಡಲತೀರದ ಹೊಯ್ಗೆಯಲ್ಲಿ ನೆಟ್ಟು, ಹಿಮದ ಬದಲಿಗೆ ಹತ್ತಿ ಅಂಟಿಸುವುದು. ಮಗಳು ಸಣ್ಣವಳಿದ್ದಾಗ ಒಂದು ವರ್ಷ, ನಿಜವಾದ ಹಿಮ ತೋರಿಸುತ್ತೇನೆ ಎಂದು ಪ್ಲಾಂಟಿನಿಂದ ಮಂಜುಗಡ್ಡೆಯ ಹುಡಿಯನ್ನು ಗೋಣಿಯಲ್ಲಿ ಕಟ್ಟಿ ತಂದಿದ್ದೆ. ಮನೆ ಮುಟ್ಟುವಾಗ ಅರ್ಧ ನೀರು. ಉಳಿದದ್ದಕ್ಕೆ ಗೋಣಿಯ ಮೀನು ವಾಸನೆ. ಮಗಳು ಅತ್ತಳು. ಹೆಂಡತಿ ಮೂಗಿಗೆ ಸೆರಗು ಹಿಡಿದು ನಕ್ಕಳು. "ಹಿಮಕ್ಕೆ ಬಂಗ್ಡಿ ವಾಸ್ನಿ ಇರತ್ತ್ ಅಂದೇಳಿ ಇವತ್ತ್ ಗೊತ್ತಾಯ್ತ್ ಕಾಣಿ!"

ಮಗಳು ಅದನ್ನು ಮರೆತಿರಲಿಲ್ಲ. ಅವಳು ಮದುವೆಯಾದದ್ದು ಬ್ರಹ್ಮಾವರದ, ಬೇರೆ ಸಭೆಯ ಕ್ರೈಸ್ತರ ಮನೆಗೆ. ಅಳಿಯನಿಗೆ ಬಹ್ರೇನಿನಲ್ಲಿ ಕೆಲಸ. ನಮ್ಮ ಮದುವೆಗೆ ಐವತ್ತು ವರ್ಷ ತುಂಬಿದಾಗ ಮಗಳು ಫೋನಿನಲ್ಲಿ ತಾಯಿಗೆ ಹೇಳಿದಳು, "ಅಬ್ಬೀ, ಈ ಸಲ ಕ್ರಿಸ್ಮಸ್ಸಿಗೆ ಬಂಗ್ಡಿ ವಾಸ್ನಿ ಇಲ್ದಿದ್ ಹಿಮ ತೋರ್ಸ್ತೆ. ಅಪ್ಪಯ್ಯನಿಗೆ ಸ್ವೆಟರ್ ತಕೊಣುಕೆ ಹೇಳ್." ಬಹ್ರೇನಿನಿಂದ ಜಾರ್ಜಿಯಾ ದೇಶಕ್ಕೆ ಹೋಗುವುದು ಸುಲಭವಂತೆ. ಹಳೆಯ ಕ್ರೈಸ್ತ ದೇಶ, ಬೆಟ್ಟದ ಮೇಲೆಲ್ಲ ಕಲ್ಲಿನ ಚರ್ಚುಗಳು, ಚಳಿಗಾಲ ಪೂರ್ತಿ ಹಿಮ. ಹೊರಡುವ ಮುಂಚಿನ ಭಾನುವಾರ ನಾನು ಸಭೆಯಲ್ಲಿ ಎದ್ದು ನಿಂತು ಹೇಳಿದೆ, ಮಂಜುಗಡ್ಡೆ ಹೊತ್ತವನನ್ನು ದೇವರು ಮಂಜಿನ ದೇಶಕ್ಕೆ ಕರೆದೊಯ್ಯುತ್ತಿದ್ದಾನೆ, ಅವನಿಗೆ ಸ್ತೋತ್ರ ಎಂದು. ಜನ ಮೆಚ್ಚಿದರು. ನಾನೂ ನನ್ನನ್ನು ಮೆಚ್ಚಿಕೊಂಡೆ.

ನಾವು ಉಳಿದದ್ದು ಬೆಟ್ಟದೊಳಗಿನ ಒಂದು ಹಳ್ಳಿಯಲ್ಲಿ. ಹೆಸರು ಈಗಲೂ ನನ್ನ ನಾಲಿಗೆಗೆ ಹೊರಳುವುದಿಲ್ಲ. ಕಪ್ಪು ತಲೆವಸ್ತ್ರದ ಒಬ್ಬ ಮುದುಕಿ ತನ್ನ ಮನೆಯ ಮಾಳಿಗೆಯನ್ನು ಬಾಡಿಗೆಗೆ ಕೊಡುತ್ತಿದ್ದಳು. ಸೌದೆಯ ಒಲೆ, ದಪ್ಪ ಕಂಬಳಿ, ಅಕ್ರೋಡು ಹಾಕಿದ ಬೀನ್ಸ್, ದೊಡ್ಡ ದೊಡ್ಡ ರೊಟ್ಟಿ. ಹೆಂಡತಿ ಮೊದಲ ದಿನ ಅಂಗಳಕ್ಕೆ ಇಳಿದು ಎರಡೂ ಕೈಯಲ್ಲಿ ಹಿಮ ಬಾಚಿ ಮೂಗಿಗೆ ಹಿಡಿದಳು.

"ಎಂತ ವಾಸ್ನಿಯೂ ಇಲ್ಲ ಮಾರಾಯ್ರೆ," ಎಂದಳು. ಸ್ವಲ್ಪ ಬೇಸರವಾದ ಹಾಗಿತ್ತು ಅವಳಿಗೆ.

ಕ್ರಿಸ್ಮಸ್ಸಿನ ಬೆಳಿಗ್ಗೆ ಒಲೆಯ ಸುತ್ತ ಕುಳಿತು ನಾವೇ ಕೀರ್ತನೆ ಹಾಡಿದೆವು. ಆ ದೇಶದವರ ಹಬ್ಬ ನಮ್ಮದಕ್ಕಿಂತ ತಡವಾಗಿ ಬರುತ್ತದಂತೆ. ಮುದುಕಿಗೆ ಅದು ಉಪವಾಸದ ಕಾಲ. ಆದರೂ ಅವಳು ಬಾಗಿಲಲ್ಲಿ ನಿಂತು ಕೊನೆಯವರೆಗೆ ಕೇಳಿ ಶಿಲುಬೆಯ ಗುರುತು ಹಾಕಿಕೊಂಡಳು. ನನ್ನ ಕಣ್ಣು ತುಂಬಿತು. ಇಷ್ಟು ಸುಖ ನನ್ನ ಪಾಲಿಗಿತ್ತೆ ಎಂದುಕೊಂಡೆ.

ಮರುದಿನ ಮಧ್ಯಾಹ್ನದ ಮೇಲೆ ನಾವಿಬ್ಬರೂ ಗುಡ್ಡದ ಮೇಲಿನ ಚರ್ಚಿಗೆ ನಡೆದೆವು. ದಾರಿ ಹೆಚ್ಚು ದೂರದ್ದಲ್ಲ, ಹಿಮ ಗುಡಿಸಿ ಮೆಟ್ಟಿಲು ಮಾಡಿದ್ದರು. ಮಗಳು, ಅಳಿಯ, ಮೊಮ್ಮಗಳು ಕೆಳಗೆ ಜಾರುಬಂಡಿಯಲ್ಲಿದ್ದರು. ಚರ್ಚಿನ ಒಳಗೆ ಕತ್ತಲೆ. ಹೊಗೆ ಹಿಡಿದ ಗೋಡೆಗಳ ಮೇಲೆ ದೊಡ್ಡ ಕಣ್ಣುಗಳ ಚಿತ್ರಗಳು. ಬಾಗಿಲಲ್ಲಿ ಒಬ್ಬ ಹೆಂಗಸು ಮೇಣದ ಬತ್ತಿ ಮಾರುತ್ತಿದ್ದಳು. ಹೆಂಡತಿ ಒಂದು ಕೊಂಡಳು.

"ಎಂತಕೆ ಅದ್?" ಎಂದೆ. ನಮ್ಮ ಸಭೆಯಲ್ಲಿ ಬತ್ತಿ ಹಚ್ಚಿ ಪ್ರಾರ್ಥಿಸುವ ಪದ್ಧತಿ ಇಲ್ಲ.

"ಬ್ರಹ್ಮಾವರದ್ ಬೀಗ್ತಿ ಹಚ್ತ್ರ್ ಅಲ್ದಾ? ಅವ್ರೆಂತ ಕ್ರೈಸ್ತರಲ್ದಾ? ಐವತ್ತ್ ವರ್ಷಕ್ ಒಂದ್ ಬತ್ತಿ, ಇರ್ಲಿ."

"ಉಪದೇಶಿ ಮಗಳ್ ನೀನ್. ಅಪ್ಪ ಕಂಡಿರೆ ಎಂತ ಹೇಳ್ತಿದ್ರ್?"

"ಅಪ್ಪ ಎಂತದೂ ಹೇಳ್ತಿದ್ರಿಲ್ಲ. ನಿಮ್ಗ್ ಚಳಿ ಹಿಡ್ದಿತ್ತ್, ಅದ್ಕೇ ಸಿಟ್ಟ್. ನೀವ್ ಮುಂದ್ ಹೋಯ್ನಿ, ನಾನ್ ಹಿಂದ್ ಬತ್ತೆ."

ನಾನು ಹೊರಗೆ ಬಂದೆ. ನಿಜ ಹೇಳಬೇಕೆಂದರೆ ಸಿಟ್ಟು ಬಂದಿತ್ತು. ಬೆಟ್ಟಗಳ ನಡುವಿನ ಊರಲ್ಲಿ ಹೊತ್ತು ಬೇಗ ಮುಳುಗುತ್ತದೆ. ಆಗಲೇ ಎಲ್ಲ ನೀಲಿಯಾಗಿತ್ತು, ಹಿಮ ಮತ್ತೆ ಉದುರತೊಡಗಿತ್ತು. ಮೆಟ್ಟಿಲಿನ ಒಂದು ಬದಿಗೆ ಊರಿನ ಸಮಾಧಿಗಳು. ಆ ಕಡೆಯವರು ಕಪ್ಪು ಕಲ್ಲಿನ ಮೇಲೆ ಸತ್ತವರ ಮುಖವನ್ನು ಇದ್ದ ಹಾಗೇ ಕೆತ್ತಿಸುತ್ತಾರೆ. ಕೋಟು ಹಾಕಿದ ಗಂಡಸರು, ತಲೆಗೆ ಬಟ್ಟೆ ಕಟ್ಟಿದ ಹೆಂಗಸರು, ಒಬ್ಬ ಚಿಕ್ಕ ಹುಡುಗಿ. ಎದೆಯವರೆಗೆ ಹಿಮದಲ್ಲಿ ಹುಗಿದುಕೊಂಡು ನಿಂತು ಎಲ್ಲರೂ ದಾರಿಯನ್ನೇ ನೋಡುತ್ತಿದ್ದರು. ನಾನು ನೋಡದೆ ಇಳಿಯತೊಡಗಿದೆ.

ಆಗ ಕೇಳಿತು.

ಹ್ವಾಯ್.

ಒಂದೇ ಸಲ. ಬಂದದ್ದು ಚರ್ಚಿನ ಬಾಗಿಲಿನಿಂದಲ್ಲ, ಸಮಾಧಿಗಳ ಆಚೆ ಬದಿಯಿಂದ, ತಗ್ಗಿನಿಂದ. ಅವಳದೇ ದನಿ, ಕೊನೆಯಲ್ಲಿ ಮೇಲೆ ಹೋಗಿ ನಿಂತದ್ದು. ಆ ದೇಶದಲ್ಲಿ ಹ್ವಾಯ್ ಎನ್ನುವವರು ಇನ್ನು ಯಾರಿದ್ದಾರೆ? ಎಂಥ ದಡ್ಡನಿಗೂ ಅದು ಗೊತ್ತಾಗಬೇಕಿತ್ತು. ಆದರೆ ನನಗೆ ಅನಿಸಿದ್ದೇ ಬೇರೆ. ಅವಳು ಚರ್ಚಿನೊಳಗೆ ಬತ್ತಿ ಹಚ್ಚುತ್ತಿದ್ದಾಳೆ, ಇಲ್ಲಿ ಸಮಾಧಿಯ ನಡುವಿನಿಂದ ಅವಳ ದನಿಯಲ್ಲಿ ಕೂಗಿದ್ದು ಅವಳಲ್ಲ ಎಂದು. ಯಡ್ತರೆಯಲ್ಲಿ ಬಿಟ್ಟು ಬಂದದ್ದು ಇಷ್ಟು ದೂರ ನನ್ನನ್ನು ಹುಡುಕಿಕೊಂಡು ಬಂದಿದೆ ಎಂದು.

ನಾನು ನಿಂತೆ. ಬಲಗಿವಿಯನ್ನು ಆ ಕಡೆ ತಿರುಗಿಸಿ ಎರಡನೆಯ ಕೂಗಿಗೆ ಕಾದೆ. ಬರಲಿಲ್ಲ. ಅಜ್ಜಿ ಹೇಳಿದ್ದು ಸರಿಯಾಯಿತು. ಮೊದಲಿಗಿಂತ ಬಿರುಸಾಗಿ ಇಳಿದುಹೋದೆ. ಹಿಂದೆ ನೋಡಲಿಲ್ಲ.

ಮನೆಯಲ್ಲಿ ಮಗಳು ಮೊಮ್ಮಗಳ ಒದ್ದೆ ಕಾಲುಚೀಲ ಬಿಚ್ಚುತ್ತಿದ್ದಳು.

"ಅಬ್ಬಿ ಎಲ್ಲಿ?"

"ಬತ್ತಾ ಇತ್ತ್," ಎಂದೆ.

ಒಲೆಯ ಮುಂದೆ ಕುಳಿತೆ. ಇಷ್ಟು ಹೊತ್ತಿಗೆ ಬರಬೇಕಿತ್ತು, ಈಗ ಬರುತ್ತಾಳೆ, ಬತ್ತಿ ಆರುವವರೆಗೆ ನಿಂತಿರಬಹುದು ಎಂದೆಲ್ಲ ಯೋಚಿಸುತ್ತ ಕುಳಿತೆ. ಎದ್ದು ಹೋಗಲಿಲ್ಲ. ಮಗಳೇ ಕೊನೆಗೆ ಬಾಗಿಲು ತೆರೆದು ನೋಡಿದಳು. ಹೊರಗೆ ಪೂರ್ತಿ ಕತ್ತಲಾಗಿತ್ತು. ಅವಳೂ ಅಳಿಯನೂ ಟಾರ್ಚು ಹಿಡಿದು ಓಡಿದರು. ಆದರೆ ಅವರಿಗಿಂತ ಮುಂಚೆ ಬತ್ತಿ ಮಾರುವ ಹೆಂಗಸು ಚರ್ಚಿಗೆ ಬೀಗ ಹಾಕಿ ಇಳಿಯುವಾಗ, ಅವಳ ನಾಯಿ ತಗ್ಗಿನ ಅಂಚಿನಲ್ಲಿ ನಿಂತು ಬೊಗಳಿ, ಕೆಳಗೆ ಬಿದ್ದಿದ್ದವಳನ್ನು ತೋರಿಸಿಕೊಟ್ಟಿತಂತೆ. ನನ್ನ ಹೆಂಡತಿ ಬತ್ತಿ ಹಚ್ಚಿದ ಕೂಡಲೇ, ಸಿಟ್ಟು ಮಾಡಿಕೊಂಡು ಹೋದ ನನ್ನನ್ನು ಹಿಡಿಯಬೇಕೆಂದು ಪಕ್ಕದ ಬಾಗಿಲಿನಿಂದ ಹೊರಬಿದ್ದಿದ್ದಳು. ಸಮಾಧಿಗಳ ಹಿಂದಿನ ಒಳದಾರಿ ಹತ್ತಿರವೆಂದು ಕಂಡಿತು. ಕಾಲು ಜಾರಿತು. ಸೊಂಟದ ಎಲುಬು ಮುರಿದಿತ್ತು. ಹಿಮ ಅವಳ ಸೆರಗನ್ನೂ ಕೂದಲನ್ನೂ ಮುಚ್ಚುತ್ತ ಬಂದಿತ್ತು.

ಆ ರಾತ್ರಿ ಆಸ್ಪತ್ರೆಗೆ ಹೋಗುವ ವ್ಯಾನಿನಲ್ಲಿ ಅವಳು ಹಲ್ಲು ಕಟಕಟಿಸುತ್ತ ಮಗಳಿಗೆ ಹೇಳಿದಳು, "ಅಪ್ಪಯ್ಯನ್ನ ಕರ್ದಿದ್ದೆ."

ಮಗಳು ನನ್ನ ಕಡೆ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ಅವಳೇ ಕೊಟ್ಟಳು. "ಪಾಪ, ಅಪ್ಪಯ್ಯನ ಕೆಮಿ ಗೊತ್ತಿಲ್ಯಾ ಅಬ್ಬಿ? ಕೇಣ್ಲಿಲ್ಲ ಅವ್ರಿಗೆ."

ನಾನು ಸುಮ್ಮನಿದ್ದೆ. ಗುಡ್ಡದ ಮೇಲೆ ಮಾಡಿದ್ದು ಹೆದರಿಕೆಯಿಂದ. ದೇವರು ಅದನ್ನು ಮನ್ನಿಸಬಹುದು. ವ್ಯಾನಿನಲ್ಲಿ ಹೆದರಿಕೆ ಇರಲಿಲ್ಲ, ಬೆಳಕಿತ್ತು, ಅವಳ ಕೈ ನನ್ನ ಕೈಯಲ್ಲಿತ್ತು. ಅಲ್ಲಿ ಸುಮ್ಮನಿದ್ದದ್ದನ್ನೇ ನಾನು ಇಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ.

ಆಪರೇಶನ್ ಆಯಿತು. ಅವಳು ಬದುಕಿದಳು. ಕೋಲು ಹಿಡಿದು ನಡೆಯುವಷ್ಟಾದಳು. ಊರಿಗೆ ಬಂದ ಮೇಲೆ ಬ್ರಹ್ಮಾವರದ ಬೀಗರ ಮನೆಯಲ್ಲಿ ಕೃತಜ್ಞತೆಯ ಪ್ರಾರ್ಥನೆ ಇಟ್ಟರು. ಅಂಗಳಕ್ಕೆ ಚಪ್ಪರ, ಎರಡೂ ಸಭೆಯ ಜನ, ಕೋಳಿ ಸುಕ್ಕದ ಪರಿಮಳ. ಹೆಂಡತಿ ಕುರ್ಚಿಯಿಂದ ಎದ್ದು ಕೋಲೂರಿ ನಿಂತು ಸಾಕ್ಷಿ ಹೇಳಿದಳು. "ಬಿದ್ದಾಗ ಉಸ್ರ್ ಇದ್ದದ್ದ್ ಒಂದೇ ಕೂಗಿಗೆ. ಇವ್ರನ್ನ ಕರ್ದೆ. ಮನ್ಷ್ಯರಿಗ್ ಕೇಣ್ಲಿಲ್ಲ. ದೇವ್ರಿಗ್ ಕೇಂಡಿತ್ತ್." ಎಲ್ಲರೂ ಆಮೆನ್ ಎಂದರು. ಬೀಗರು ನನ್ನ ಹೆಗಲು ತಟ್ಟಿ, "ಐಸ್ ಪ್ಲಾಂಟ್ ಇವ್ರ ಕೆಮಿ ತಿಂತ್, ದೇವ್ರ ಕೆಮಿ ತಿಂಬುಕ್ ಆಯ್ಲಿಲ್ಲ!" ಎಂದರು. ಚಪ್ಪರವೆಲ್ಲ ನಕ್ಕಿತು. ಆಮೇಲೆ ನನ್ನನ್ನೇ ಕೊನೆಯ ಪ್ರಾರ್ಥನೆ ಮಾಡಲು ಕರೆದರು. ನಾನು ಕಣ್ಣು ಮುಚ್ಚಿ ಸ್ತೋತ್ರ ಹೇಳಿದೆ. ಒಳ್ಳೆಯ ಮಾತುಗಳೇ ಬಂದವು, ಅಭ್ಯಾಸವಿದೆಯಲ್ಲ. ಆದರೆ ಮುಚ್ಚಿದ ಕಣ್ಣೊಳಗೆ ಆ ಕಪ್ಪು ಕಲ್ಲಿನ ಮುಖಗಳು ಸಾಲಾಗಿ ನಿಂತು ಕೇಳುತ್ತಿದ್ದವು. ಅವರು ಆ ಕೂಗನ್ನು ಕೇಳಿದವರು. ನಾನು ನಿಂತದ್ದನ್ನು ಕಂಡವರು.

ಅಳಿಯ ಹೊರಡುವ ಮೊದಲು ನನಗೆ ಕಿವಿಯ ಮೆಶಿನ್ ಮಾಡಿಸಿಕೊಟ್ಟ. ಅದನ್ನು ಸಿಕ್ಕಿಸಿಕೊಂಡ ಮೇಲೆ ಎಡಗಡೆಯಲ್ಲೂ ಕಾಗೆ, ಅಲೆ, ಪಕ್ಕದ ಮನೆಯ ಒಗ್ಗರಣೆ ಎಲ್ಲ ಕೇಳತೊಡಗಿತು. ಕೇಳದೆ ಹೋದದ್ದು ಒಂದೇ. ಹೆಂಡತಿ ನನ್ನನ್ನು ಕೂಗುವುದನ್ನು ಬಿಟ್ಟಿದ್ದಳು. ಏನಾದರೂ ಬೇಕಾದರೆ ಕೋಲೂರಿಕೊಂಡು ನಾನಿದ್ದಲ್ಲಿಗೇ ಬಂದು ಹೆಗಲು ಮುಟ್ಟುತ್ತಿದ್ದಳು. ಕಿವುಡ ಗಂಡನ ಮೇಲಿನ ಕನಿಕರ. ಮುರಿದ ಸೊಂಟದಲ್ಲಿ ಅವಳು ಹಜಾರ ದಾಟಿ ಬರುವ ಸದ್ದು, ಕೋಲು, ಕಾಲು, ಕೋಲು, ಮೆಶಿನ್ನಿನಲ್ಲಿ ಬಹಳ ಚೆನ್ನಾಗಿ ಕೇಳುತ್ತಿತ್ತು.

ಸಂಜೆ ಸಮುದ್ರದ ಕಡೆ ಹೋದರೆ ಬಲೆ ಎಳೆಯುವವರು ಒಬ್ಬರಿಗೊಬ್ಬರು ಹ್ವಾಯ್ ಎನ್ನುತ್ತಿದ್ದರು. ನಾನು ಒಂದೊಂದಕ್ಕೂ "ಓ" ಎನ್ನತೊಡಗಿದೆ. ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. "ನಿಮ್ಮನ್ನಲ್ಲ ಮಾರಾಯ್ರೆ, ನಿಮ್ಗೆಂತ ಮರ್ಲಾ?" ಎಂದು ಒಬ್ಬ ನಕ್ಕ. ಯಾರೂ ಕೂಗದಿದ್ದಾಗಲೂ ಓಗೊಡುತ್ತಿದ್ದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಬೇಸಿಗೆಯಲ್ಲಿ ನಾವು ಯಡ್ತರೆಗೆ ಹೋದೆವು. ಅಲ್ಲಿ ನನ್ನ ತಂಗಿಯ ಮನೆ. ಹೊತ್ತು ಇಳಿಯುವಾಗ ಜಗುಲಿಯಲ್ಲಿ ಚಾ ಕುಡಿಯುತ್ತಿದ್ದೆವು. ತೋಡಿನ ಆಚೆಯಿಂದ ಯಾರೋ ತಂಗಿಯನ್ನು "ಅಕ್ಕಾ" ಎಂದು ಕೂಗಿದರು. ಅವಳು ಅಲುಗಲಿಲ್ಲ.

"ಕರೀತಾ ಇದ್ರಲೆ," ಎಂದಳು ನನ್ನ ಹೆಂಡತಿ.

"ಇನ್ನೆರಡ್ ಸಲ ಕರೀಲಿ ಅತ್ಗೆ," ತಂಗಿ ನಕ್ಕಳು. "ಅಜ್ಜಿ ಹೇಳ್ತಿದ್ದದ್ದ್ ನಿಮ್ಗ್ ಅಣ್ಣಯ್ಯ ಹೇಳ್ಲಿಲ್ಯಾ? ಮುಸ್ಸಂಜಿಗೆ ಒಂದೇ ಸಲ ಕೂಗ್ರೆ ಮನ್ಷ್ಯರಲ್ಲ ಅಂಬ್ರ್. ನಮ್ಮ ಅಣ್ಣಯ್ಯ ಅಂತೂ ಆಗ ಬಾಯಿಗ್ ಕೈ ಮುಚ್ಕಂಡ್ ಕೂಕಂತಿದ್ದ!"

ಆಚೆಯವರು ಮತ್ತೆ ಕೂಗಿದರು. ಮೂರನೆಯ ಸಲವೂ ಕೂಗಿದರು. ತಂಗಿ ಓಗೊಟ್ಟು ಎದ್ದು ಹೋದಳು. ಹೆಂಡತಿ ಲೋಟವನ್ನು ಕೆಳಗಿಟ್ಟು ನನ್ನನ್ನು ನೋಡಿದಳು.

ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಬದಿ, ನನ್ನ ಎಡಗಡೆ ಕುಳಿತಿದ್ದಳು. ಕುಂದಾಪುರದ ಸೇತುವೆ ಹತ್ತುವಾಗ, ಹೊಳೆಯ ಕಡೆಯೇ ನೋಡುತ್ತ, ಮೆಲ್ಲಗೆ ಕೇಳಿದಳು.

"ಅವತ್ತ್ ನಿಮ್ಗ್ ಕೇಂಡಿತ್ತಾ?"

ಬಸ್ಸಿನ ಗಡಗಡ, ಕಂಡಕ್ಟರನ ಸೀಟಿ. ಮೆಶಿನ್ ಇದ್ದರೂ ಅದು ನನ್ನ ಕೆಟ್ಟ ಕಿವಿಯ ಬದಿ. ಎಂತ ಎಂದು ಒಮ್ಮೆ ಕೇಳಿದ್ದರೆ ಅವಳು ಮತ್ತೆ ಕೇಳುತ್ತಿರಲಿಲ್ಲ. ನನಗೆ ಅವಳ ಸ್ವಭಾವ ಗೊತ್ತು. ಸೇತುವೆ ಮುಗಿಯುವವರೆಗೂ ನನಗೆ ಸಮಯವಿತ್ತು.

"ಕೇಂಡಿತ್ತ್," ಎಂದೆ. "ನಿನ್ ದನಿ ಅಂದೇಳಿಯೂ ಗೊತ್ತಾಯ್ತ್. ಎರಡನೇ ಕೂಗಿಗ್ ಕಾದೆ."

ಬಸ್ಸಿನಿಂದ ಇಳಿದು ಕೋಡಿಯ ಆಟೋ ಹತ್ತಿದೆವು. ಮನೆಯ ಮೆಟ್ಟಿಲಲ್ಲಿ ಕೋಲನ್ನು ಗೋಡೆಗೆ ಒರಗಿಸಿ ಕುಳಿತ ಮೇಲೆ ಅವಳು ಹೇಳಿದಳು.

"ಉಸ್ರ್ ಒಂದೇ ಕೂಗಿಗ್ ಇತ್ತ್ ಅಂದೇಳಿ ಚಪ್ಪರದಲ್ ಹೇಳ್ದೆ. ಅದ್ ಸುಳ್ಳ್. ಇನ್ನೂ ಕೂಗುಲಕ್ಕಿತ್ತ್. ನೀವ್ ಐವತ್ತ್ ವರ್ಷ ಒಂದ್ ಕೂಗಿಗೇ ಬಂದಿದ್ರಿ. ಎರಡನೇದ್ ಎಂತಕೆ ಅಂದೇಳಿ ಸುಮ್ನ್ ಕಾದೆ. ಈಗ ಬತ್ರ್, ಈಗ ಬತ್ರ್ ಅಂದೇಳಿ."

ನಾನು ಮನೆಯಲ್ಲಿ ಒಲೆಯ ಮುಂದೆ ಕಾಯುತ್ತಿದ್ದೆ. ಅವಳು ತಗ್ಗಿನಲ್ಲಿ ಹಿಮದ ಕೆಳಗೆ ಕಾಯುತ್ತಿದ್ದಳು.

ಭಾನುವಾರ ಸಭೆಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿಬಿಡುತ್ತೇನೆ ಎಂದೆ. "ಬೇಡ," ಎಂದಳು. "ದೇವ್ರಿಗ್ ಕೇಂಡದ್ದ್ ಸುಳ್ಳಲ್ಲ ಅಲ್ದಾ? ಆ ನಾಯಿ ಯಾರ್ ಹೇಳಿ ಬಂದದ್ದ್? ಅದೊಂದ್ ಇರ್ಲಿ. ಬರೆಯೂದಾರೆ ಬರ್ಕಣಿ. ಆದ್ರೆ ನನ್ ಬತ್ತಿ ಹಚ್ಚಿದ್ದನ್ನೂ ಬರೀಕ್." ಆದ್ದರಿಂದ ಬರೆದಿದ್ದೇನೆ. ಮನ್ನಿಸಿದ್ದೀಯಾ ಎಂದು ನಾನು ಕೇಳಿಲ್ಲ. ಅವಳೂ ಹೇಳಿಲ್ಲ.

ಆ ವಾರದಿಂದ ಅವಳು ಹಜಾರ ದಾಟಿ ಬಂದು ಹೆಗಲು ಮುಟ್ಟುವುದನ್ನು ನಿಲ್ಲಿಸಿದಳು. ಅಡುಗೆಮನೆಯಿಂದಲೇ ಕೂಗುತ್ತಾಳೆ. ನಾನು ಮೊದಲನೆಯದಕ್ಕೇ "ಓ" ಎಂದು ಎದ್ದಿರುತ್ತೇನೆ, ಎಷ್ಟೋ ಸಲ ಬಾಗಿಲಲ್ಲಿ ಅವಳ ಎದುರಿಗೇ ನಿಂತಿರುತ್ತೇನೆ. ಆದರೂ ಅವಳು ನನ್ನ ಮುಖ ನೋಡಿಕೊಂಡೇ, ನಡುವೆ ಉಸಿರು ತೆಗೆದುಕೊಂಡು, ಉಳಿದ ಎರಡನ್ನೂ ಕೂಗಿ ಮುಗಿಸುತ್ತಾಳೆ. ಹ್ವಾಯ್. ಹ್ವಾಯ್. ಅಲ್ಲಿಯವರೆಗೆ ನಾನು ನಿಂತಿರುತ್ತೇನೆ.